ಏಳು ಮನೆಗೆ ಒಂದೇ ಸುತಿ

ನಾನು ಓದಿದ್ದು ಮೂರನೇ ಕ್ಲಾಸು. ಅದೂ ರಾಯದುರ್ಗದ ಬೆಟ್ಟದ ಬುಡದ ಶಾಲೆಯಲ್ಲಿ, ಅರ್ಧ ಕನ್ನಡ, ಅರ್ಧ ತೆಲುಗು. ಬರೆಯಲು ಕೂತರೆ ಒಂದು ಹಾಳೆಗೆ ಒಂದು ಹೊತ್ತು ಬೇಕು. ಆದರೂ ಕೂತಿದ್ದೇನೆ, ಯಾಕೆಂದರೆ ಈ ಸಂತೋಷ ಬಾಯಲ್ಲಿ ಹೇಳಿ ಮುಗಿಯುತ್ತಿಲ್ಲ. ಸಿಕ್ಕಿದವರಿಗೆಲ್ಲ ಹೇಳಿದ್ದಾಯಿತು, ಹಾಲಿನವನಿಗೆ ಎರಡು ಸಲ ಹೇಳಿದೆ. ‘ಸಾಕಪ್ಪ, ಇನ್ನು ಬುಕ್ಕಲ್ಲಿ ಬರ್ಕಾ’ ಎಂದು ಮಗಳೇ ಹಾಳೆ ತಂದುಕೊಟ್ಟಳು. ಅವರಿಗೆಲ್ಲ ಹೇಳುವಾಗ ನಾನು ಸಂತೋಷದ ಕಡೆಯನ್ನಷ್ಟೇ ಹೇಳಿದ್ದೆ, ತಪ್ಪಿನ ಕಡೆ ಹೇಳಿರಲಿಲ್ಲ. ಬರೆಯಲು ಕೂತ ಮೇಲೆ ಅದನ್ನು ಬಿಟ್ಟು ಮುಂದೆ ಹೋಗಲು ಆಗುತ್ತಿಲ್ಲ.

ನಮ್ಮದು ಸನಾಯಿ ಮೇಳದ ಮನೆ. ಮದುವೆ, ಗೃಹಪ್ರವೇಶ, ದೇವರ ಉತ್ಸವ, ಎಲ್ಲಿ ಕರೆದರೂ ಹೋಗುತ್ತಿದ್ದೆವು. ಸನಾಯಿ ನುಡಿಸುತ್ತಿದ್ದವನು ನನ್ನ ಅಣ್ಣ. ನಾನು ಅವನ ಎಡಕ್ಕೆ ಕೂತು ಸುತಿ ಹಿಡಿಯುತ್ತಿದ್ದೆ. ಸುತಿ ಎಂದರೆ ಸನಾಯಿಯಂಥದೇ ಇನ್ನೊಂದು ಕೊಳವೆ, ಆದರೆ ಬೆರಳಾಡಿಸುವ ಕೆಲಸ ಅದಕ್ಕಿಲ್ಲ. ಅದು ಊದುವುದು ಒಂದೇ ಒಂದು ಸ್ವರ, ಸ. ಸನಾಯಿ ಎಲ್ಲಿ ಸುತ್ತಾಡಿದರೂ ಕೊನೆಗೆ ಮರಳಿ ಬರುವ ಮನೆ ಅದು. ಸುತಿಯನ್ನು ನಡುವೆ ನಿಲ್ಲಿಸುವ ಹಾಗಿಲ್ಲ. ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡು ಅದನ್ನು ಬಿಡುತ್ತಲೇ ಮೂಗಿನಿಂದ ಉಸಿರೆಳೆಯಬೇಕು. ಅದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ಕಲಿತ ಮೇಲೆ ನಲವತ್ತು ವರ್ಷ ಅದನ್ನೇ ಮಾಡಿದೆ.

ಮದುವೆಮನೆಯಲ್ಲಿ ಜನ ಸನಾಯಿಯವನ ಬೆರಳು ನೋಡುತ್ತಾರೆ, ಡೋಲಿನವನ ಕೈ ನೋಡುತ್ತಾರೆ. ಸುತಿಯವನ ಕಡೆ ನೋಡುವವರು ಚಿಕ್ಕ ಮಕ್ಕಳು ಮಾತ್ರ, ಅವನ ಉಬ್ಬಿದ ಕೆನ್ನೆಗಾಗಿ. ‘ಈತನ್ದು ಏನ್ ಕೆಲ್ಸ್ರಿ, ಗಾಳಿ ತುಂಬೋದು, ಸೈಕಲ್ ಅಂಗಡಿ ಇಟ್ಟಿದ್ರೂ ನಡೀತಿತ್ತು’ ಎಂದು ಒಬ್ಬ ಬೀಗರು ಊಟದ ಪಂಕ್ತಿಯಲ್ಲಿ ಅಂದಿದ್ದರು. ನನಗೇನೂ ಬೇಜಾರಾಗಲಿಲ್ಲ. ಅಣ್ಣ ಇದ್ದನಲ್ಲ. ಅವನ ಬಾಯಿ ಒರಟು, ಎಲ್ಲರೆದುರಿಗೇ ಬೈಯುತ್ತಿದ್ದ. ಆದರೆ ಮುಹೂರ್ತಕ್ಕೆ ಮೊದಲು ನಿಧಾನವಾಗಿ ನುಡಿಸುವ ಹೊತ್ತಿನಲ್ಲಿ ಒಮ್ಮೊಮ್ಮೆ ಮೊಣಕೈಯಿಂದ ನನ್ನ ಪಕ್ಕೆಗೆ ಮೆಲ್ಲಗೆ ತಿವಿಯುತ್ತಿದ್ದ. ನಾನು ಊದುವುದು ನಿಲ್ಲಿಸುತ್ತಿದ್ದೆ. ಸ್ವಲ್ಪ ಹೊತ್ತು ಅವನೊಬ್ಬನೇ ನುಡಿಸಿ ತಲೆಯಾಡಿಸುತ್ತಿದ್ದ, ನಾನು ಮತ್ತೆ ಸೇರುತ್ತಿದ್ದೆ. ತಮ್ಮನ ಎದೆಗೆ ಬಿಡುವು ಕೊಡುತ್ತಾನೆ ಎಂದು ನಾನು ತಿಳಿದಿದ್ದೆ. ‘ಬಾಯಾಗ ಬೈದ್ರೂ ಮೊಣಕೈಯಾಗ ಪ್ರೀತಿ ಐತಿ ಅವಗ’ ಎಂದು ನನ್ನ ಹೆಂಡತಿಗೆ ಹೇಳುತ್ತಿದ್ದೆ. ಆಕೆ ತೀರಿಹೋಗುವವರೆಗೂ ಅದನ್ನೇ ನಂಬಿದ್ದಳು, ನಾನೂ ನಂಬಿದ್ದೆ.

ಆಮೇಲೆ ಅಣ್ಣನ ಮುಂದಿನ ಹಲ್ಲು ಬಿದ್ದವು. ಹಲ್ಲಿಲ್ಲದೆ ಸನಾಯಿಯ ತುದಿಯಲ್ಲಿ ಊದುವ ಪೀಪಿ ತುಟಿಯಲ್ಲಿ ನಿಲ್ಲುವುದಿಲ್ಲ. ಅವನು ಬಿಟ್ಟ ಮೇಲೆ ನನಗೂ ಕೆಲಸವಿಲ್ಲ, ಸುತಿ ಒಂದನ್ನೇ ಮದುವೆಗೆ ಯಾರು ಕರೆಯುತ್ತಾರೆ. ಹೆಂಡತಿ ತೀರಿಹೋದ ವರ್ಷ ಮಗಳು ಬಂದು ನನ್ನನ್ನು ಮಡಕಶಿರಕ್ಕೆ ಕರೆದುಕೊಂಡು ಬಂದಳು.

ಅಳಿಯ ಮಡಕಶಿರದ ಹೊರಗೆ, ರತ್ನಗಿರಿ ಕಡೆಗೆ ಹೋಗುವ ರಸ್ತೆಯಲ್ಲಿ, ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುತ್ತಾನೆ. ಮನೆಯ ಪಕ್ಕದಲ್ಲೇ ಹುಳದ ಮನೆ, ಅದರ ಮುಂದೆ ಉದ್ದದ ಜಗುಲಿ. ನನಗೆ ಅಲ್ಲಿ ಸೊಪ್ಪು ಕತ್ತರಿಸಿ ಕೊಡುವ ಕೆಲಸ. ಒಳಗೆ ಹುಳ ಸೊಪ್ಪು ತಿನ್ನುವ ಸದ್ದು ಸಣ್ಣ ಹನಿ ಮಳೆಯ ಹಾಗಿರುತ್ತದೆ, ಅದನ್ನು ಕೇಳುತ್ತ ಕೂತಿರುತ್ತಿದ್ದೆ.

ಒಂದು ಸಲ ಬೆಳೆ ಚೆನ್ನಾಗಿ ಬಂತು. ರೇಷ್ಮೆಗೂಡು ಮಾರಾಟಕ್ಕೆ ಹಾಕಲು ಹಿಂದೂಪುರದ ಮಾರ್ಕೆಟ್ಟಿಗೆ ಹೋಗಿದ್ದ ಅಳಿಯ ಬರುವಾಗ ತನ್ನ ಮಗಳಿಗೊಂದು ಗಿಟಾರು ತಂದ. ನನ್ನ ಮೊಮ್ಮಗಳು ಆಗ ಒಂಬತ್ತನೇ ಕ್ಲಾಸು. ಒಂದು ವರ್ಷದಿಂದ ಕೇಳುತ್ತಿದ್ದಳು. ಹಿಂದೂಪುರದಲ್ಲೇ ಒಬ್ಬ ಮೇಷ್ಟ್ರು ಭಾನುವಾರ ತಮ್ಮ ಮನೆಯ ಮಹಡಿಯಲ್ಲಿ ಗಿಟಾರು ಕಲಿಸುತ್ತಾರೆ. ಬಸ್ಸಿನಲ್ಲಿ ಅವಳನ್ನು ಕರೆದುಕೊಂಡು ಹೋಗಿ ಕರೆದುಕೊಂಡು ಬರುವ ಕೆಲಸ ನನ್ನ ಪಾಲಿಗೆ ಬಂತು. ಅವಳು ಒಳಗೆ ಕಲಿಯುವಾಗ ನಾನು ಮೆಟ್ಟಿಲ ಮೇಲೆ ಚಪ್ಪಲಿಗಳ ಪಕ್ಕ ಕೂತು ಕೇಳುತ್ತಿದ್ದೆ. ‘ಬನ್ನಿ ತಾತ, ಒಳಗ್ ಕೂತ್ಕಳ್ಳಿ’ ಎಂದು ಮೇಷ್ಟ್ರು ಕರೆಯುತ್ತಿದ್ದರು. ಇಲ್ಲೇ ಗಾಳಿ ಚೆಂದ ಐತ್ರಿ ಎಂದು ಹೇಳಿ ಅಲ್ಲೇ ಉಳಿಯುತ್ತಿದ್ದೆ.

ಮೂರು ನಾಲ್ಕು ತಿಂಗಳಲ್ಲಿ ಅವಳ ಬೆರಳು ಕೂತವು, ತುದಿಗಳು ಗಟ್ಟಿಯಾದವು. ಸ ರಿ ಗ ಮ ತಡವರಿಸದೆ ಬರತೊಡಗಿತು. ಆಮೇಲೆ ಮೇಷ್ಟ್ರು ಹೊಸ ಪಾಠ ಕೊಟ್ಟರು. ಒಂದು ಸಂಜೆ ಜಗುಲಿಯಲ್ಲಿ ಅವಳು ಅದನ್ನು ಅಭ್ಯಾಸ ಮಾಡುತ್ತಿದ್ದಳು, ನಾನು ಸೊಪ್ಪು ಕತ್ತರಿಸುತ್ತಿದ್ದೆ. ಕೇಳಿದರೆ ಅವಳು ಸ ಬಿಟ್ಟು ರಿಯಿಂದ ಹೊರಟಿದ್ದಾಳೆ. ರಿಯಿಂದ ಹೊರಟು ಮೇಲಿನ ರಿಗೆ ಹೋಗಿ ನಿಂತಳು, ಮತ್ತೆ ಇಳಿದು ರಿಗೇ ಬಂದಳು.

‘ಯಾಕವ್ವ, ಅಲ್ಲಿಂದ ಯಾಕ ಹೊಂಟಿ? ಸ ಎಲ್ಲಿ ಹೋತು?’ ಎಂದೆ.

‘ಅದು ತಪ್ಪಲ್ಲ ತಾತ. ನಮ್ ಸಾರ್ ಅಂಗೇ ಹೇಳವ್ರೆ. ಅವೇ ಏಳು ಸ್ವರ. ಒಂದನೇದ್ರಿಂದ ಶುರು ಮಾಡಿದ್ರೆ ಒಂದು ಥರ, ಎರಡನೇದ್ರಿಂದ ಶುರು ಮಾಡಿ ಎರಡನೇದಕ್ಕೇ ಬಂದು ನಿಂತ್ರೆ ಇನ್ನೊಂದು ಥರ. ಇಂಗೇ ಏಳು ಅವೆ. ಮೋಡ್ ಅಂತಾರೆ.’

ಹುಳದ ಮನೆಯ ಗೋಡೆಗೆ ಅವಳು ಒಂದು ಕಾಗದ ಅಂಟಿಸಿದ್ದಳು. ಡೋರಿಯನ್, ಫ್ರಿಜಿಯನ್, ಲಿಡಿಯನ್ ಎಂದು ಏಳು ಹೆಸರು. ನನಗೆ ನಾಲಿಗೆ ಹೊರಳಲಿಲ್ಲ. ಒಂದನೇ ಮನೆ, ಎರಡನೇ ಮನೆ ಎಂದುಕೊಂಡೆ.

‘ಥರ ಬ್ಯಾರೆ ಆಗ್ತದ?’

ಅವಳು ಇನ್ನೊಂದು ಸಲ ನುಡಿಸಿದಳು. ತಲೆ ಓರೆ ಮಾಡಿ ಕೇಳಿಕೊಂಡಳು. ‘ಗೊತ್ತಾಗ್ತಿಲ್ಲ ತಾತ. ನಂಗೂ ಎಲ್ಲಾ ಒಂದೇ ಥರ ಕೇಳ್ತೈತೆ. ಕೆಳಗೆ ಒಂದು ದಪ್ಪ ತಂತಿ ಮೀಟ್ತಾ ಇರು, ಆಗ ಗೊತ್ತಾಗ್ತೈತೆ ಅಂದ್ರು ಸಾರ್. ಎರಡೂ ಒಟ್ಟಿಗೆ ಮಾಡಾಕೆ ನಂಗೆ ಬತ್ತಿಲ್ಲ.’

ಇಲ್ಲಿ ನನ್ನ ತಪ್ಪು ಶುರುವಾಯಿತು. ದಪ್ಪ ತಂತಿ ಮೀಟುತ್ತಾ ಇರು ಅಂದರೆ ಸುತಿ ಹಿಡಿ ಅಂತ ಅರ್ಥ, ಅಷ್ಟು ನನಗೆ ತಟ್ಟನೆ ತಿಳಿಯಿತು. ಎಷ್ಟೋ ವರ್ಷದ ಮೇಲೆ ಯಾರಿಗೋ ನನ್ನ ಕೆಲಸ ಬೇಕಾಗಿದೆ ಎಂದು ಎದೆ ತುಂಬಿ ಬಂತು. ‘ನಿನಗ ತಂತಿ ಯಾಕ ಬೇಕು, ನಾನಿಲ್ಲೇನು’ ಎಂದು ಎದ್ದೆ. ಪೆಟ್ಟಿಗೆಯ ತಳದಿಂದ ಕೊಳವೆ ತೆಗೆದೆ. ಕೊಳವೆಯ ಬುಡದಲ್ಲಿ ಸಣ್ಣ ತೂತುಗಳಿರುತ್ತವೆ, ಅವಕ್ಕೆ ಮೇಣ ಮೆತ್ತಿ ಸ್ವರ ಏರಿಸಿ ಇಳಿಸಿ ಹೊಂದಿಸುತ್ತೇವೆ. ಅವಳ ಗಿಟಾರಿನ ಸಕ್ಕೆ ಸರಿಯಾಗಿ ಹೊಂದಿಸಿದೆ. ಪೀಪಿಯನ್ನು ನೀರಿನಲ್ಲಿ ನೆನೆಸಿ ಬಾಯಿಗಿಟ್ಟೆ. ಮೊದಲು ಬರೀ ಗಾಳಿ ಬಂತು. ಆಮೇಲೆ ಸ ಬಂತು.

ಮೊಮ್ಮಗಳು ಗಿಟಾರು ಬಿಟ್ಟು ನನ್ನ ಕೆನ್ನೆಯನ್ನೇ ನೋಡುತ್ತ ಕೂತಳು. ‘ತಾತ, ನೀನು ಉಸಿರು ಎಲ್ಲಿಂದ ತಗಂತಿದೀಯ?’ ಎಂದಳು. ಊದುತ್ತ ಹೇಳಲಾಗುವುದಿಲ್ಲವಲ್ಲ, ಮೂಗು ಮುಟ್ಟಿ ತೋರಿಸಿದೆ. ಅವಳು ನಕ್ಕು ನಕ್ಕು ಸಾಕಾಗಿ ಗಿಟಾರು ಎತ್ತಿಕೊಂಡಳು.

ಎರಡು ತಿಂಗಳು ದಿನವೂ ಸಂಜೆ ಕೂತೆವು. ನನ್ನ ಎದೆ ಮೊದಲಿನಂತಿಲ್ಲ, ಸ್ವಲ್ಪ ಊದುವುದು, ನಿಲ್ಲಿಸುವುದು, ಮತ್ತೆ ಊದುವುದು. ಅವಳು ಮೊದಲನೇ ಮನೆಯಿಂದ ಏಳನೇ ಮನೆಯವರೆಗೆ ಒಂದೊಂದರಿಂದ ಹೊರಟು ಅಲ್ಲಿಗೇ ಬರುವಳು. ನಾನು ಸ ಹಿಡಿದು ಅಲುಗಾಡದೆ ಕೂತಿರುವೆ. ಅವಳು ಎಲ್ಲಿಂದ ಹೊರಟರೂ ನನ್ನ ಸ್ವರಕ್ಕೆ ಎಲ್ಲವೂ ಬಂದು ಕೂಡಿಕೊಳ್ಳುತ್ತಿದ್ದವು, ಕೇಳಲು ಬಲು ಸೊಗಸು. ‘ತಾತನ್ ಜೊತೆ ನುಡಿಸಿದ್ರೆ ತಪ್ಪೇ ಆಗಲ್ಲ ಕಣಮ್ಮ’ ಎಂದು ತಾಯಿಗೆ ಹೇಳಿದಳು. ಆ ಮಾತು ಕೇಳಿದ ದಿನ ನಾನು ಒಂದು ಮುದ್ದೆ ಹೆಚ್ಚು ಉಂಡೆ.

ಎರಡು ತಿಂಗಳು ಮುಗಿದ ಭಾನುವಾರ ಮೇಷ್ಟ್ರು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಪರೀಕ್ಷೆ ಮಾಡಿದರು. ನಾನು ಮೆಟ್ಟಿಲ ಮೇಲಿದ್ದೆ, ಬಾಗಿಲು ತೆರೆದಿತ್ತು. ಅವರು ತಮ್ಮ ಗಿಟಾರಿನ ದಪ್ಪ ತಂತಿ ಮೀಟಿ ಅದರ ಮೇಲೆ ಒಂದು ಸಾಲು ನುಡಿಸುವುದು. ಕಣ್ಣು ಮುಚ್ಚಿಕೊಂಡ ಮಗು ಇದು ಎಷ್ಟನೆಯದು ಎಂದು ಹೇಳುವುದು, ಮನೆಯ ಸ್ವರವನ್ನು ಬಾಯಲ್ಲಿ ಹಾಡಿ ತೋರಿಸುವುದು.

ನನ್ನ ಮೊಮ್ಮಗಳ ಸರದಿ ಬಂತು. ಅವರು ನುಡಿಸಿದರು. ಅವಳು ಸ ಹಾಡಿದಳು. ‘ಒಂದನೇದು ಸಾರ್.’

‘ಅಲ್ಲಮ್ಮ. ಇನ್ನೊಂದ್ಸಲ ಕೇಳು.’

ಬೇರೆಯದು ನುಡಿಸಿದರು. ಅವಳು ಮತ್ತೆ ಅದೇ ಸ ಹಾಡಿದಳು, ಅದೇ ಉತ್ತರ ಹೇಳಿದಳು. ಮೂರನೇ ಸಲವೂ ಅದೇ. ಯಾವುದೋ ಮಗು ಕಿಸಕ್ಕೆಂದಿತು. ಮೇಷ್ಟ್ರು ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. ಮೆತ್ತಗೆ ಹೇಳಿದರು: ‘ನಿನ್ನ ಕಿವಿಗೆ ಒಂದೇ ಮನೆ ಅಂಟ್ಕೊಂಡ್ಬಿಟ್ಟಿದೆಯಲ್ಲಮ್ಮ. ಏಳನ್ನೂ ಒಂದೇ ಥರ ಕೇಳ್ತಿದೀಯ. ಎರಡು ತಿಂಗಳು ಹಿಂಗೇ ಮಾಡಿದ್ಯ? ಮನೇಲಿ ಯಾರಾದ್ರೂ ಹೇಳ್ಕೊಡ್ತಾರಾ?’



‘ಇಲ್ಲ ಸಾರ್. ನಾನೊಬ್ಳೇ ಮಾಡ್ತೀನಿ.’

ನಾನು ಹೊರಗೆ ಕೂತಿದ್ದು ಅವಳಿಗೆ ಗೊತ್ತು. ಆ ಮಾತು ಕೇಳಿ ನನ್ನ ಕೈಯಲ್ಲಿದ್ದ ನೀರಿನ ಬಾಟ್ಲಿ ಹಾಗೇ ಉಳಿಯಿತು, ಕುಡಿಯಲಾಗಲಿಲ್ಲ. ಮುಂದಿನ ತಿಂಗಳು ಹೊಸ ಮಕ್ಕಳು ಸೇರುತ್ತಾರೆ, ಬೇಕಾದರೆ ಅವರ ಜೊತೆ ಮೊದಲಿನಿಂದ ಕೂತುಕೋ ಎಂದರು ಮೇಷ್ಟ್ರು. ಅವಳು ಗಿಟಾರನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದಳು.

ಬಸ್ಸಿನಲ್ಲಿ ಕಡಲೆಕಾಯಿ ಮೂಟೆಗಳ ನಡುವೆ ಸೀಟು ಸಿಕ್ಕಿತು. ಅವಳು ಗಿಟಾರಿನ ಚೀಲವನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಕಿಟಕಿಯ ಕಡೆ ನೋಡುತ್ತಿದ್ದಳು. ಅರ್ಧ ದಾರಿ ಬಂದ ಮೇಲೆ ಹೇಳಿದಳು: ‘ತಾತ, ನಂಗೆ ಕಿವಿ ಇಲ್ಲ ಕಣ್ ತಾತ. ಕೆಲವ್ರಿಗೆ ಇರಲ್ವಂತೆ.’

ತಪ್ಪು ನನ್ನ ಕಡೆಯಿಂದಲೇ ಆಗಿದೆ ಎಂದು ಒಳಗೆ ಗೊತ್ತಿತ್ತು, ಏನು ತಪ್ಪೆಂದು ಗೊತ್ತಿರಲಿಲ್ಲ. ನಲವತ್ತು ವರ್ಷ ಸುತಿ ಹಿಡಿದವನು ಸ ತಪ್ಪು ಹಿಡಿದಿರಲಾರೆ. ಸ ಸರಿಯಾಗಿಯೇ ಇತ್ತು. ಹಾಗಾದರೆ ಕೆಟ್ಟದ್ದು ಎಲ್ಲಿ?

ಮನೆಗೆ ಬಂದವಳೇ ಚೀಲದ ಸಮೇತ ಗಿಟಾರನ್ನು ಹುಳದ ಮನೆಯ ಗೋಡೆಗೆ ನೇತುಹಾಕಿದಳು, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳ ಪಕ್ಕ. ಏಳು ಹೆಸರಿನ ಕಾಗದ ಕಿತ್ತಳು. ಊಟದ ಹೊತ್ತಿನಲ್ಲಿ ತಂದೆಗೆ ಹೇಳಿದಳು: ‘ಅಪ್ಪ, ಗೂಡು ಹಾಕಾಕೆ ಹೋದಾಗ ಅದನ್ನೂ ತಗಂಡೋಗಿ ಅಂಗಡೀಗೆ ಕೊಟ್ಬಿಡು. ನಂಗೆ ಬ್ಯಾಡ.’

ಅಳಿಯ ನನ್ನ ಮುಖ ನೋಡಿದ. ‘ಆಯ್ತು ಬಿಡು. ಹುಳ ಹಣ್ಣಾಗಿ ಗೂಡು ಕಟ್ಟಾಕೆ ಇನ್ನಾ ಟೈಮೈತೆ. ಅಷ್ಟ್ರಾಗೆ ಮನಸು ಬದಲಾದ್ರೆ ಹೇಳು’ ಎಂದ. ಬದಲಾಗಲ್ಲ ಎಂದಳು.

ಮಾರನೆಯ ದಿನ ಬೆಳಿಗ್ಗೆ ನಾನು ಪಾವಗಡದ ಬಸ್ಸು ಹತ್ತಿದೆ. ಪಾವಗಡದಿಂದ ಕಲ್ಯಾಣದುರ್ಗ, ಕಲ್ಯಾಣದುರ್ಗದಿಂದ ರಾಯದುರ್ಗ. ಇಳಿಯುವ ಹೊತ್ತಿಗೆ ಮೂರು ಗಂಟೆ ದಾಟಿತ್ತು.

ಅಣ್ಣ ಬಾಗಿಲಲ್ಲೇ ಕೂತು ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುತ್ತಿದ್ದ. ರಾಯದುರ್ಗದಲ್ಲಿ ಈಗ ಮನೆಮನೆಗೂ ಅದೇ ಕೆಲಸ, ಅವನ ಸೊಸೆ ಒಳಗೆ ಮಿಷನ್ ತುಳಿಯುತ್ತಿದ್ದಳು. ನನ್ನನ್ನು ನೋಡಿ ಕತ್ತರಿ ಕೆಳಗಿಟ್ಟ.

‘ಏನೋ, ಮಗಳು ಮನಿ ಬಿಟ್ಟು ಹೊರಗ ಹಾಕಿದ್ಲೇನು?’

‘ನೀನು ಅದೀಯೋ ಹೋದಿಯೋ ನೋಡಾಕ ಬಂದೆ.’

‘ನಾನಿದೀನಿ. ಹಲ್ಲು ಹೋಗ್ಯಾವ’ ಎಂದು ಬಾಯಿ ತೆರೆದು ತೋರಿಸಿದ. ಸೊಸೆ ಒಳಗಿನಿಂದಲೇ ‘ಬರ್ರಿ ಮಾವ, ಕುಂದ್ರಿ, ಚಾ ಇಡ್ತೀನಿ’ ಎಂದಳು.

ಚಹಾ ಕುಡಿದು ಎಲ್ಲ ಹೇಳಿದೆ. ಅಣ್ಣ ಮತ್ತೆ ಕತ್ತರಿ ಎತ್ತಿಕೊಂಡು ದಾರ ಕತ್ತರಿಸುತ್ತ ಕೇಳಿಸಿಕೊಂಡ. ಕೊನೆಗೆ ಕೇಳಿದ: ‘ಆಕಿ ರಿಯಿಂದ ಹೊಂಟಾಗ ನೀನು ಎಲ್ಲಿದ್ದಿ?’

‘ಸ ಸ್ವರದಾಗ.’

‘ಗ ಇಂದ ಹೊಂಟಾಗ?’

‘ಸದಾಗ. ಸುತಿ ಅಂದ ಮ್ಯಾಲ ಮತ್ತೆಲ್ಲಿ ಇರ್ತದ?’

ಅವನು ಹಣೆ ಚಚ್ಚಿಕೊಂಡ. ‘ಊದು’ ಎಂದ. ನಾನು ಕೊಳವೆ ತಂದಿದ್ದೆ, ಊದಿದೆ. ಅವನು ಹಲ್ಲಿಲ್ಲದ ಬಾಯಲ್ಲಿ ರಿಯಿಂದ ಹೊರಟು ರಿಗೆ ಹೋಗಿ ಬಂದ. ಜಗುಲಿಯಲ್ಲಿ ಕೇಳಿದಂತೆಯೇ ಇತ್ತು, ಸೊಗಸಾಗಿ ನನ್ನ ಸಕ್ಕೆ ಬಂದು ಕೂಡಿಕೊಂಡಿತು. ‘ಈಗ ಬಾಯಿ ಮುಚ್ಚು’ ಎಂದ. ಮುಚ್ಚಿದೆ. ಅವನು ರಿಯನ್ನೇ ನಾಲ್ಕು ಸಲ ಎಳೆದು, ಅದನ್ನೇ ಗಟ್ಟಿ ಮಾಡಿಕೊಂಡು, ಆಮೇಲೆ ಅವೇ ಸ್ವರಗಳನ್ನು ಹಾಡಿದ. ಬೇರೆಯೇ ಏನೋ ಬಂತು. ನನಗೆ ಅದು ಗೊತ್ತಿತ್ತು. ಮುಹೂರ್ತಕ್ಕೆ ಮೊದಲು ಅವನೊಬ್ಬನೇ ನುಡಿಸುತ್ತಿದ್ದುದು ಅದೇ.

‘ನಾ ಮೊಣಕೈಲಿ ತಿವೀತಿದ್ದೆ, ನೆನಪೈತೇನು?’ ಎಂದ.

‘ಯಾಕ ನೆನಪಿಲ್ಲ. ನನಗ ದಮ್ಮು ತಗಳ್ಳಾಕ ಬಿಡ್ತಿದ್ದಿ.’

ಒಳಗೆ ಮಿಷನ್ ನಿಂತಿತು. ಅಣ್ಣ ಕೆಮ್ಮು ಬರುವವರೆಗೂ ನಕ್ಕ. ‘ದಮ್ಮು? ನಿನ್ನ ದಮ್ಮು ತಗಂಡು ನಾನೇನು ಮಾಡ್ಲೋ? ಮನಿ ಬದಲು ಮಾಡಾಕ ಹೋದ್ರ ನೀನು ಸ ಹಿಡ್ಕಂಡು ಗ್ವಾಡಿ ಕುಂತಂಗ ಕುಂತಿರ್ತಿದ್ದಿ. ನಿನ್ನ ಸುತಿ ಇರೋತನ ಅದೇ ಮನಿ, ಬ್ಯಾರೇದು ಏಳಂಗೇ ಇಲ್ಲ. ಸ್ವಲ್ಪ ಹೊತ್ತು ಸುಮ್ನಿರ್ಲಿ ಇವ ಅಂತ ತಿವೀತಿದ್ದೆ.’

‘ನಲವತ್ತು ವರ್ಷದಾಗ ಒಂದು ದಿನ ಹೇಳಬಾರದಾಗಿತ್ತೇನು?’

‘ನೀನು ಕೇಳಬಾರದಾಗಿತ್ತೇನು?’

ನಾನು ಕೊಳವೆಯನ್ನು ಬಟ್ಟೆಯಲ್ಲಿ ಸುತ್ತತೊಡಗಿದೆ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದೆ ಎಂದು ಕಾಣುತ್ತದೆ, ಅಣ್ಣ ನನ್ನ ಕೈ ಹಿಡಿದು ನಿಲ್ಲಿಸಿದ. ಆಮೇಲೆ ಬೇರೆ ದನಿಯಲ್ಲಿ ಹೇಳಿದ:

‘ಒಂದು ಮಾತು ಹೇಳ್ತೀನಿ ಕೇಳು. ನಿನ್ನ ಸುಮ್ನಾಗ್ಸಿ ಅಲ್ಲಿಗೆ ಹೋಗ್ತಿದ್ದೆ, ಖರೆ. ಆದ್ರ ಬಾಳ ಹೊತ್ತು ನಿಲ್ತಿರಲಿಲ್ಲ. ನೀನಿಲ್ಲದ ಅಲ್ಲಿ ನನಗ ಅಂಜಿಕಿ ಬರ್ತಿತ್ತು. ಕಾಲಿಗೆ ನೆಲ ಸಿಗ್ತಿರಲಿಲ್ಲ. ಓಡಿ ಬಂದು ತಲಿ ಅಲ್ಲಾಡ್ಸಿ ನಿನ್ನ ಕರೀತಿದ್ದೆ. ಆ ಹುಡುಗಿನ್ನ ಹಂಗ ಒಬ್ಬಾಕಿನ್ನೇ ಕಳಿಸಬ್ಯಾಡ. ಆಕಿ ಯಾವ ಮನಿಗೆ ಹೋಗ್ತಾಳೋ ನೀನೂ ಎದ್ದು ಅಲ್ಲಿಗೇ ಹೋಗು.’

‘ಕೊಳವಿ ಒಂದೇ ಸ್ವರ ಊದ್ತದ ಅಣ್ಣ.’

‘ಆ ಮೇಷ್ಟ್ರು ದಪ್ಪ ತಂತಿ ಅಂದಾರಲ್ಲ, ತಂತಿ ಮೀಟು. ಬೆರಳು ಅದಾವಿಲ್ಲ ನಿನಗ?’

ಅವತ್ತು ಅಲ್ಲೇ ಉಳಿದೆ. ಮಡಕಶಿರಕ್ಕೆ ಬಂದಾಗ ಹುಳಗಳು ಕೊನೆಯ ಜ್ವರಕ್ಕೆ ಮಲಗಿ, ಪೊರೆ ಬಿಟ್ಟು ಎದ್ದಿದ್ದವು. ಇನ್ನು ಏಳೆಂಟು ದಿನ ಎಡೆಬಿಡದೆ ತಿಂದು ಹಣ್ಣಾಗುತ್ತವೆ, ಆಮೇಲೆ ಗೂಡು, ಆಮೇಲೆ ಮಾರ್ಕೆಟ್ಟು. ಮೊಮ್ಮಗಳು ಸೊಪ್ಪು ಹರಡುತ್ತಿದ್ದಳು. ನಾನೂ ಬುಟ್ಟಿ ಹಿಡಿದು ಪಕ್ಕದಲ್ಲಿ ನಿಂತು, ಅವಳ ಮುಖ ನೋಡದೆ ಎಲ್ಲ ಹೇಳಿದೆ. ನಾನು ಸ ಹಿಡಿದು ಅಲುಗದೆ ಕೂತಿದ್ದು, ಅದರಿಂದ ಏಳು ಮನೆಯೂ ಅವಳ ಕಿವಿಗೆ ಒಂದೇ ಮನೆಯಾದದ್ದು. ಮೇಷ್ಟ್ರು ಹೇಳಿದ್ದನ್ನು ನಾನು ಬೇಡ ಅಂದದ್ದು. ಅವಳು ಒಳಗೆ ನನ್ನ ಹೆಸರು ಹೇಳದೆ ಉಳಿದದ್ದನ್ನು ನಾನು ಹೊರಗೆ ಕೂತು ಕೇಳಿದ್ದು.

ಅವಳು ಸೊಪ್ಪು ಹರಡುವುದನ್ನು ನಿಲ್ಲಿಸಲಿಲ್ಲ. ಆ ತಟ್ಟೆ ಮುಗಿಸಿ ಕೇಳಿದಳು: ‘ಅಂದ್ರೆ ನಂಗೆ ಕಿವಿ ಐತಾ ತಾತ?’

‘ಐತವ್ವ. ಕಿವಿ ಐತಿ ಅಂತಲೇ ಹಿಂಗಾತು. ಕಿವಿ ಇಲ್ಲದಾಕಿ ಆಗಿದ್ರ ನನ್ನ ಸುತಿ ನಿನಗ ಹತ್ತುತ್ತಲೇ ಇರಲಿಲ್ಲ.’

‘ಎರಡು ತಿಂಗ್ಳು ತಾತ.’

‘ಹೌದವ್ವ.’

ಅವಳು ಕೈ ತೊಳೆದುಕೊಂಡು ಹೋದಳು. ಗಿಟಾರು ಗೋಡೆಯ ಮೇಲೇ ಇತ್ತು. ಇನ್ನೊಂದು ದಿನ ಕಳೆಯಿತು, ಮತ್ತೊಂದು ದಿನ ಕಳೆಯಿತು. ತೆಗೆ ಎಂದು ಹೇಳುವ ಬಾಯಿ ನನಗಿರಲಿಲ್ಲ. ಹುಳ ತಿನ್ನುವ ಸದ್ದು ದಿನದಿನಕ್ಕೂ ಜೋರಾಗುತ್ತಿತ್ತು, ಅದು ಹೆಚ್ಚಿದಷ್ಟೂ ಮಾರ್ಕೆಟ್ಟಿನ ದಿನ ಹತ್ತಿರ ಬರುತ್ತಿತ್ತು. ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ‘ಏನಪ್ಪ, ಊರ್ ನೆಪ್ಪಾಯ್ತಾ?’ ಎಂದು ಮಗಳು ಕೇಳಿದಳು. ಹೂಂ ಎಂದೆ.

ಮೂರನೇ ದಿನ ಸಂಜೆ ಮೊಮ್ಮಗಳು ಚೀಲ ಇಳಿಸಿಕೊಂಡು ಜಗುಲಿಗೆ ಬಂದಳು. ‘ಅದೆಂಗೆ ತೋರ್ಸು. ಬರ್ದೇ ಇದ್ರೆ ಮಾತ್ರ ಕೊಟ್ಬಿಡೋದೇ’ ಎಂದಳು.

ಎದುರಿಗೆ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತೆ. ಎರಡನೇ ಮನೆಯ ಸ್ವರ ಯಾವ ತಂತಿಯಲ್ಲಿ ಬೆರಳೊತ್ತದೆ ಸಿಗುತ್ತದೆ ಎಂದು ಅವಳೇ ತೋರಿಸಿದಳು, ಮೇಲಿನಿಂದ ಮೂರನೆಯದು. ಅದರ ಮೇಲೆ ನನ್ನ ಹೆಬ್ಬೆರಳಿಟ್ಟೆ. ಬಾಯಿಂದ ಹೊರತು ಬೇರೆಲ್ಲಿಂದಲೂ ನಾನು ಸ್ವರ ತೆಗೆದವನಲ್ಲ. ಮೀಟಿದೆ. ತೆಳು ತಂತಿಯ ಮೇಲೆ ಅವಳು ರಿಯಿಂದ ಹೊರಟಳು, ಹೋಗಿ ಬಂದಳು.

‘ಅದೇ ಕೇಳ್ತೈತೆ ತಾತ. ಸಕ್ಕೇ ಹೋಗ್ತೈತೆ ಕಿವಿ.’

‘ನುಡಿಸಬ್ಯಾಡ. ಬರೀ ಇದನ್ನು ಕೇಳು.’

ಆ ಸಂಜೆ ಪೂರ್ತಿ ನಾನೊಂದು ತಂತಿಯನ್ನೇ ಮೀಟಿದೆ. ಅವಳು ಕಣ್ಣು ಮುಚ್ಚಿ ಗಿಟಾರಿನ ಹೊಟ್ಟೆಯ ಮೇಲೆ ಗದ್ದ ಊರಿ ಕೂತಿದ್ದಳು. ಎರಡು ತಿಂಗಳು ಕಿವಿಗೆ ತುಂಬಿದ ಸ ಒಂದು ಸಂಜೆಗೆ ಎಲ್ಲಿ ಹೋಗುತ್ತದೆ. ಮಾರನೆಯ ದಿನವೂ ಅದೇ ಮಾಡಿದೆವು. ನನ್ನ ಹೆಬ್ಬೆರಳು ಸುಲಿದಿತ್ತು. ‘ಬಟ್ಟೆ ಸುತ್ಕ ತಾತ’ ಎಂದಳು. ಬಟ್ಟೆ ಸುತ್ತಿದರೆ ಸ್ವರ ಮಂಕಾಗುತ್ತದೆ ಎಂದು ನಾನು ಸುತ್ತಲಿಲ್ಲ. ಆಮೇಲೆ ಅವಳೇ ಮೆಲ್ಲಗೆ ಒಂದೊಂದು ಸ್ವರ ಎತ್ತತೊಡಗಿದಳು. ಮೇಲೆ ಹೋದಳು. ಇಳಿದಳು. ಗಕ್ಕೆ ಬಂದಳು, ರಿಗೆ ಬಂದಳು. ಅಲ್ಲಿಂದ ಸಕ್ಕೆ ಜಾರಲಿಲ್ಲ, ಬೆರಳು ಎತ್ತದೆ ಹಾಗೇ ಕೂತಳು.

‘ತಾತ’ ಎಂದಳು, ಬಲು ಸಣ್ಣಗೆ. ‘ಇದು ನಿಂತ್ಕಂತು.’

‘ಇನ್ನೊಂದ್ಸಲ ಹೋಗಿ ಬಾ.’

ಹೋಗಿ ಬಂದಳು. ಮತ್ತೆ ಅಲ್ಲೇ ನಿಂತಿತು. ‘ಮೂರನೇದಕ್ಕೆ ಹೋಗೋಣ’ ಎಂದಳು. ನಾನು ಎಲ್ಲಕ್ಕಿಂತ ದಪ್ಪ ತಂತಿಗೆ ಬೆರಳು ಸರಿಸಿದೆ. ಅಣ್ಣ ಅದನ್ನು ಹೆಣ್ಣೊಪ್ಪಿಸುವ ಹೊತ್ತಿನಲ್ಲಿ ನುಡಿಸುತ್ತಿದ್ದ, ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಹೊತ್ತಿನಲ್ಲೂ ಅವನು ನನ್ನನ್ನು ತಿವಿದು ಸುಮ್ಮನಾಗಿಸಿಯೇ ನುಡಿಸಿದ್ದು. ಈಗ ನಾನು ಆ ಮನೆಯೊಳಗೇ ಕೂತು ಅದನ್ನು ಕೇಳಿದೆ. ಅದನ್ನು ಯಾವ ಹೊತ್ತಿಗೆ ನುಡಿಸುತ್ತಾರೆಂದು ಗೊತ್ತಿಲ್ಲದ ಈ ಹುಡುಗಿಯ ಮುಖವೂ ಗಂಭೀರವಾಯಿತು. ‘ಯಾಕ್ ತಾತ ಇದು ಇಂಗೈತೆ? ಅವೇ ಏಳು ಸ್ವರ ಅಲ್ವಾ?’ ಎಂದಳು.

‘ಅವೇನೇ.’

‘ಅವೇ, ಆದ್ರೆ ಅವಲ್ಲ’ ಎಂದು ಅವಳು ನಕ್ಕಳು, ಕಣ್ಣು ಒದ್ದೆಯಾಗಿತ್ತು. ನನಗಂತೂ ಅಳುವುದೋ ನಗುವುದೋ ತಿಳಿಯಲಿಲ್ಲ. ಎದ್ದು ಹೋಗಿ ಹುಳಕ್ಕೆ ಸೊಪ್ಪು ಹಾಕಿದೆ. ಅಳಿಯ ಆಗಲೇ ಹಾಕಿದ್ದನಂತೆ. ‘ಮಾವ, ಹುಳ ಹೊಟ್ಟೆ ಒಡ್ಕಂಡು ಸಾಯ್ತವೆ’ ಎಂದು ಕೂಗಿದ.

ಗೂಡು ಬಿಡಿಸಿ ಚೀಲಗಳಿಗೆ ತುಂಬಿದ ಬೆಳಿಗ್ಗೆ ಆಟೋ ಬಂತು. ಅಳಿಯ ಗೋಡೆಯ ಕಡೆ ನೋಡಿ ಮಗಳನ್ನು ಕೇಳಿದ: ‘ಅದನ್ನ?’

‘ನೀನು ಗೂಡು ಹಾಕ್ಬಿಟ್ಟು ಬಾರಪ್ಪ’ ಎಂದಳು ಅವಳು. ‘ಬರ್ತಾ ಒಂದು ಸೆಟ್ ತಂತಿ ತಗಂಬಾ. ತಾತ ಮೀಟಿ ಮೀಟಿ ಮೂರನೇದು ಸವೆದೈತೆ.’

ಹೊಸ ತಿಂಗಳಿನಿಂದ ಅವಳು ಹೊಸ ಮಕ್ಕಳ ಜೊತೆ ಕೂರುತ್ತಿದ್ದಾಳೆ. ಅವರೆಲ್ಲ ಎಂಟು ಹತ್ತು ವರ್ಷದವರು, ನಡುವೆ ಇವಳೊಬ್ಬಳು ಉದ್ದಕ್ಕೆ ಕಾಣುತ್ತಾಳೆ. ಅವಳಿಗೆ ಅದರ ನಾಚಿಕೆ ಇಲ್ಲ. ಕಣ್ಣು ಮುಚ್ಚಿಕೊಂಡು ಏಳರಲ್ಲಿ ಐದನ್ನು ತಪ್ಪಿಲ್ಲದೆ ಹೇಳುತ್ತಾಳೆ. ಒಂದನೆಯದು ಮತ್ತು ನಾಲ್ಕನೆಯದು ಇನ್ನೂ ಒಮ್ಮೊಮ್ಮೆ ಕಲೆಸಿಹೋಗುತ್ತವೆ. ನನ್ನನ್ನು ಕೇಳಿದರೆ ನಾನು ಮೂರು ಹೇಳಿಯೇನು. ‘ಬರೀ ಗೆಸ್ ಹೊಡೀತೀಯ ತಾತ’ ಎಂದು ಅವಳೇ ನನಗೆ ಪಾಠ ಮಾಡುತ್ತಾಳೆ.

ಆ ನಾಲ್ಕನೇ ಮನೆಗೆ ಗಿಟಾರಿನಲ್ಲಿ ಖಾಲಿ ತಂತಿ ಇಲ್ಲ. ಬೆರಳೊತ್ತಬೇಕು, ಅವಳ ಬೆರಳು ಬೇರೆ ಕೆಲಸದಲ್ಲಿರುತ್ತವೆ. ಕೊಳವೆಯ ಮೇಣ ಎಷ್ಟು ತೆಗೆದರೂ ಅಷ್ಟು ಮೇಲೆ ಹೋಗುವುದಿಲ್ಲ. ‘ನೀನೇ ಬಾಯಲ್ಲಿ ಹಿಡಿ ತಾತ’ ಎಂದಳು ಹೋದ ವಾರ. ನಾನು ಹುಟ್ಟಿದಾಗಿನಿಂದ ಹಾಡಿದವನಲ್ಲ. ಅವಳು ಆ ಸ್ವರವನ್ನು ಒಂದು ಸಲ ನುಡಿಸಿ ತೋರಿಸುತ್ತಾಳೆ, ನಾನು ಹಿಡಿಯುತ್ತೇನೆ. ಮೊದಲು ದನಿ ಆ ಕಡೆ ಈ ಕಡೆ ವಾಲುತ್ತದೆ. ಅವಳು ಗಿಟಾರಿನ ಮೇಲೆ ಕೈಯಿಟ್ಟುಕೊಂಡು, ಅದು ನಿಲ್ಲುವವರೆಗೂ ನನ್ನನ್ನು ನೋಡುತ್ತ ಕಾಯುತ್ತಾಳೆ. ನಿಂತ ಮೇಲೆ ಹೊರಡುತ್ತಾಳೆ.